ತಾಳದ ಲೆಕ್ಕ, ಟೈಟನ್ನಿನ ಗಾಳಿ: ಶಾಸ್ತ್ರೀಯ ಕಲೆ, ವಿಜ್ಞಾನ, ಕಲ್ಪನೆ ಮೂರೂ ಬೆರೆತ ವಿಡಿಯೊ ಗೇಮ್ ಕಟ್ಟುವ ಸಮಗ್ರ ಮಾರ್ಗದರ್ಶಿ

ನಾಯಕಿಗೆ ಭರತನಾಟ್ಯದ ಉಡುಗೆ, ಹಿನ್ನೆಲೆಯಲ್ಲಿ ವೀಣೆ, ಆಕಾಶದಲ್ಲಿ ಎರಡು ಚಂದ್ರ. ಇಷ್ಟನ್ನೇ ಜೋಡಿಸಿದ ಗೇಮ್‌ನಿಂದ ಕಲೆಯನ್ನು ಪೂರ್ತಿ ತೆಗೆದು ಹಾಕಿದರೂ ಆಟ ಹಾಗೆಯೇ ನಡೆಯುತ್ತದೆ. ಕಲೆ ಅಲ್ಲಿ ಬರೀ ಗೋಡೆಯ ಬಣ್ಣ. ತಾಳದ ಲೆಕ್ಕ ತಪ್ಪಿದರೆ ಬಾಗಿಲು ತೆರೆಯಬಾರದು, ಶ್ರುತಿ ಕೂಡದಿದ್ದರೆ ಯಂತ್ರ ಅಲುಗಾಡಬಾರದು; ಕಲೆ ಆಟದ ನಿಯಮವೇ ಆಗಬೇಕು. ಕರ್ನಾಟಕ ಸಂಗೀತ ಮತ್ತು ಭರತನಾಟ್ಯವನ್ನು ಆಧಾರವಾಗಿಟ್ಟುಕೊಂಡು ಅಂಥ ಒಂದು ಸಣ್ಣ ಗೇಮ್ ಕಟ್ಟುವ ವಿಧಾನ ಇಲ್ಲಿದೆ. ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿದ್ದರೆ ಸಾಕು. ಸಂಗೀತ ಗೊತ್ತಿಲ್ಲದವರು ಒಬ್ಬ ಮೃದಂಗ ವಿದ್ವಾಂಸರನ್ನೋ ಗಾಯಕರನ್ನೋ ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ.

ಒಂದೇ ಒಂದು ಕಲ್ಪನೆ, ಉಳಿದದ್ದೆಲ್ಲ ನಿಜ

ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಒಂದು ವಾಕ್ಯ ಬರೆಯಿರಿ: ನಿಮ್ಮ ಲೋಕದಲ್ಲಿ ನಮ್ಮ ಲೋಕದಲ್ಲಿಲ್ಲದ ಒಂದು ಸಂಗತಿ ಯಾವುದು? ಈ ಬರಹದ ಉದ್ದಕ್ಕೂ ಬಳಸುವ ಉದಾಹರಣೆ ಇದು: ಮಂಗಳ ಗ್ರಹದಲ್ಲೂ ಶನಿಯ ಚಂದ್ರ ಟೈಟನ್‌ನಲ್ಲೂ ಯಾರೋ ಬಿಟ್ಟುಹೋದ ಯಂತ್ರಗಳಿವೆ, ಶ್ರುತಿ ಮತ್ತು ತಾಳ ಎರಡೂ ಸರಿಯಾದ ಸಂಗೀತಕ್ಕೆ ಮಾತ್ರ ಅವು ಸ್ಪಂದಿಸುತ್ತವೆ. ಊಹೆ ಇಷ್ಟೇ. ಗಾಳಿ, ಗುರುತ್ವ, ಕಂಪನ ಎಲ್ಲವೂ ನಿಜವಾದ ಭೌತಶಾಸ್ತ್ರದಂತೆಯೇ ನಡೆಯಲಿ. ಮಂತ್ರಶಕ್ತಿ, ಕಾಲಯಾನ, ಪುನರ್ಜನ್ಮ ಎಲ್ಲವನ್ನೂ ತುಂಬಿದರೆ ಆಟಗಾರರಿಗೆ ಯಾವ ನಿಯಮವನ್ನು ನಂಬಬೇಕೆಂದೇ ತಿಳಿಯುವುದಿಲ್ಲ, ಒಗಟು ಬಿಡಿಸುವ ಉತ್ಸಾಹ ಅಲ್ಲೇ ಸತ್ತುಹೋಗುತ್ತದೆ.

ನಿಜವಾದ ವಿಜ್ಞಾನವನ್ನು ಹಿಡಿದುಕೊಂಡರೆ ಒಗಟುಗಳು ತಾವಾಗಿ ಹುಟ್ಟುತ್ತವೆ. ಕೊಳಲಿನ ಸ್ವರ ಅದರೊಳಗಿನ ಅನಿಲದಲ್ಲಿ ಶಬ್ದ ಎಷ್ಟು ವೇಗವಾಗಿ ಚಲಿಸುತ್ತದೆ ಎಂಬುದನ್ನು ಅವಲಂಬಿಸಿದೆ. ವೀಣೆಯ ಸ್ವರ ನಿಲ್ಲುವುದು ತಂತಿಯ ಉದ್ದ, ತೂಕ ಮತ್ತು ಬಿಗಿತದ ಮೇಲೆ. ಭೂಮಿಯ ಗಾಳಿಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮಂಗಳದ ನೆಲದ ಬಳಿ, ತಗ್ಗು ಸ್ವರಗಳಿಗೆ, ಸುಮಾರು 240. ಟೈಟನ್‌ನಲ್ಲಿ ಸುಮಾರು 194. ಭೂಮಿಯಲ್ಲಿ ಒಂದೇ ಶ್ರುತಿಗೆ ಕೂಡಿಸಿದ ಕೊಳಲು ಮತ್ತು ವೀಣೆಯನ್ನು ಮಂಗಳಕ್ಕೆ ಒಯ್ದು, ಅಲ್ಲಿನ ಅನಿಲವನ್ನೇ ತಿದಿಯಿಂದ ಕೊಳಲಿಗೆ ಊದಿದರೆ, ಕೊಳಲಿನ ಷಡ್ಜ (ಆಧಾರ ಸ್ವರ ಸ) ಆರು ಸ್ವರಸ್ಥಾನ (ಒಂದು ಸ್ಥಾಯಿಯ ಹನ್ನೆರಡು ಮೆಟ್ಟಿಲುಗಳಲ್ಲಿ ಆರು) ಕೆಳಗಿಳಿದು ವೀಣೆಯ ಮಂದ್ರ, ಅಂದರೆ ಕೆಳಸ್ಥಾಯಿಯ, ಪ್ರತಿಮಧ್ಯಮದ ಹತ್ತಿರ ಕೇಳುತ್ತದೆ. ಟೈಟನ್‌ನಲ್ಲಿ ಸುಮಾರು ಹತ್ತು ಸ್ವರಸ್ಥಾನ ಇಳಿದು ಮಂದ್ರ ಚತುಶ್ರುತಿ ರಿಷಭದ ಪಕ್ಕಕ್ಕೆ ಬರುತ್ತದೆ. ತಂತಿಯ ಬಿಗಿತವನ್ನು ವಾದ್ಯವೇ ಕಾಯ್ದುಕೊಳ್ಳುತ್ತದೆ ಎಂದಿಟ್ಟುಕೊಂಡರೆ ವೀಣೆ ಇದ್ದಲ್ಲೇ ಇರುತ್ತದೆ. ಎರಡನ್ನೂ ಮತ್ತೆ ಕೂಡಿಸುವುದೇ ಒಂದು ಇಡೀ ಹಂತದ ಆಟವಾಯಿತು. ಯಾವ ಗಾಳಿಗೂ ಇದನ್ನೇ ಲೆಕ್ಕ ಹಾಕಬಹುದು: ಎರಡು ವೇಗಗಳ ಅನುಪಾತ ತೆಗೆದು, ಅದರ ಎರಡರ ಆಧಾರದ ಲಾಗರಿದಮ್ ಅನ್ನು 12ರಿಂದ ಗುಣಿಸಿದರೆ ಎಷ್ಟು ಸ್ವರಸ್ಥಾನ ಸರಿಯಿತೆಂದು ಸಿಗುತ್ತದೆ.

ಮಂಗಳದ ಗಾಳಿಯ ಒತ್ತಡ ಭೂಮಿಯದರ ಶೇಕಡಾ ಒಂದಕ್ಕಿಂತಲೂ ಕಡಿಮೆ. ಹಾಗಾಗಿ ಕೊಳಲಿನ ದನಿ ಅಲ್ಲಿ ತೀರಾ ಕ್ಷೀಣ. ಇದನ್ನು ಮುಚ್ಚಿಡಬೇಡಿ: ಕೊಳಲಿಗೆ ಅಂಟಿಸಿದ ಮೈಕ್ ಇಲ್ಲದೆ ಕೇಳಿಸದು ಎಂಬುದನ್ನೂ ಆಟದೊಳಕ್ಕೆ ತನ್ನಿ.

ಗಾತ್ರ ಮತ್ತು ಸಲಕರಣೆ

ಮೊದಲ ಮಾದರಿಯಲ್ಲಿ ಒಂದು ತಾಳ, ಒಂದು ರಾಗ, ಒಂದು ಲೋಕ, ಐದು ನಿಮಿಷದ ಆಟ. ಇದಕ್ಕಿಂತ ದೊಡ್ಡದಕ್ಕೆ ಕೈಹಾಕಬೇಡಿ. ಎಂಜಿನ್‌ಗೆ ಗೊಡೋ 4 ಸಾಕು, ಉಚಿತ ಮತ್ತು ಮುಕ್ತ ತಂತ್ರಾಂಶ. ಧ್ವನಿಗೆ ಆಡಾಸಿಟಿ, ಚಿತ್ರಕ್ಕೆ ಕ್ರಿಟಾ, ಮೂರು ಆಯಾಮದ ಮಾದರಿ ಬೇಕಿದ್ದರೆ ಬ್ಲೆಂಡರ್. ಮೃದಂಗದ ಒಂದೊಂದು ಹೊಡೆತವನ್ನು ವೇವ್ ಕಡತವಾಗಿಯೂ ತಂಬೂರಿಯ ನಾದವನ್ನು ಆಗ್ ಕಡತವಾಗಿಯೂ ಇಡಿ. ಎಂಪಿ3 ಬೇಡ. ಅದರ ಎನ್‌ಕೋಡರ್ ಕಡತದ ಮೊದಲಿಗೆ ಒಂದಿಷ್ಟು ಮೌನ ಸೇರಿಸುತ್ತದೆ, ಸುತ್ತಿ ಸುತ್ತಿ ನುಡಿಸುವ ನಾದದಲ್ಲಿ ಪ್ರತಿ ಸುತ್ತಿಗೂ ಒಂದು ಬಿರುಕು ಕೇಳುತ್ತದೆ.

ತಾಳದ ಗಡಿಯಾರ

ಇಡೀ ಗೇಮ್‌ನ ಬೆನ್ನೆಲುಬು ಇದೇ. ಹೆಚ್ಚು ಜನ ಎಡವುವುದೂ ಇಲ್ಲಿಯೇ.

ಸುಳಾದಿ ಸಪ್ತತಾಳಗಳನ್ನು ಡೇಟಾ ಆಗಿ ಬರೆಯುವುದು ಸುಲಭ. ಅಂಗಗಳು ಮೂರು: ಅನುದ್ರುತಕ್ಕೆ 1 ಅಕ್ಷರ (ತಾಳದ ಒಂದು ಎಣಿಕೆ), ದ್ರುತಕ್ಕೆ 2, ಲಘುವಿಗೆ ಜಾತಿಯಂತೆ 3, 4, 5, 7 ಅಥವಾ 9. ಧ್ರುವಕ್ಕೆ ಲಘು, ದ್ರುತ, ಲಘು, ಲಘು. ಮಠ್ಯಕ್ಕೆ ಲಘು, ದ್ರುತ, ಲಘು. ರೂಪಕಕ್ಕೆ ದ್ರುತ, ಲಘು. ಝಂಪೆಗೆ ಲಘು, ಅನುದ್ರುತ, ದ್ರುತ. ತ್ರಿಪುಟಕ್ಕೆ ಲಘು, ದ್ರುತ, ದ್ರುತ. ಅಟ್ಟಕ್ಕೆ ಎರಡು ಲಘು, ಎರಡು ದ್ರುತ. ಏಕಕ್ಕೆ ಒಂದೇ ಲಘು. ಏಳು ತಾಳಕ್ಕೆ ಐದು ಜಾತಿ, 35; ಐದು ಗತಿ ಸೇರಿದರೆ 175. ಗತಿ ಎಂದರೆ ಒಂದು ಅಕ್ಷರವನ್ನು ಎಷ್ಟು ಮಾತ್ರೆಗಳಾಗಿ ಒಡೆಯುತ್ತೇವೆ ಎಂಬುದು: ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಆದಿತಾಳ ಎಂದರೆ ಚತುರಶ್ರ ಜಾತಿ ತ್ರಿಪುಟ, 4+2+2, ಒಟ್ಟು 8 ಅಕ್ಷರ. ನಮ್ಮ ಮಾದರಿಗೆ ಅದು ಸಾಕು.

ಲಯವನ್ನು ನಿಮಿಷಕ್ಕೆ 75 ಅಕ್ಷರ ಎಂದಿಟ್ಟುಕೊಳ್ಳಿ. ಒಂದು ಅಕ್ಷರಕ್ಕೆ 800 ಮಿಲಿಸೆಕೆಂಡ್, ಆವರ್ತಕ್ಕೆ, ಅಂದರೆ ತಾಳದ ಒಂದು ಪೂರ್ತಿ ಸುತ್ತಿಗೆ, 6.4 ಸೆಕೆಂಡ್. ಮಾತ್ರೆಯ ಅವಧಿ ಚತುರಶ್ರ ಗತಿಯಲ್ಲಿ 200, ತಿಶ್ರದಲ್ಲಿ 266.7, ಖಂಡದಲ್ಲಿ 160, ಮಿಶ್ರದಲ್ಲಿ 114.3, ಸಂಕೀರ್ಣದಲ್ಲಿ 88.9 ಮಿಲಿಸೆಕೆಂಡ್.

ಸಂಗೀತ ತಂತ್ರಾಂಶಗಳಲ್ಲಿ ಒಂದು ಬೀಟ್‌ಗೆ 480 ಟಿಕ್ (ಕಾಲದ ಅತಿ ಚಿಕ್ಕ ಭಾಗ) ಇಡುವ ರೂಢಿ ಇದೆ. 480 ಮೂರು, ನಾಲ್ಕು, ಐದರಿಂದ ಭಾಗವಾಗುತ್ತದೆ; ಏಳರಿಂದ ಆಗುವುದಿಲ್ಲ. ಮಿಶ್ರಗತಿಗೆ 68.57 ಬರುತ್ತದೆ. ಅದನ್ನು 68 ಎಂದು ಕತ್ತರಿಸಿದರೆ ಅಕ್ಷರಕ್ಕೆ 4 ಟಿಕ್, ಅಂದರೆ 6.7 ಮಿಲಿಸೆಕೆಂಡ್ ಕಳೆದುಹೋಗುತ್ತದೆ. ಕಿವಿಗೆ ಅದು ಗೊತ್ತಾಗುವುದಿಲ್ಲ, ಆದರೆ ಆದಿತಾಳದ ಒಂದು ಆವರ್ತ ಮುಗಿಯುವಷ್ಟರಲ್ಲಿ 53 ಮಿಲಿಸೆಕೆಂಡ್ ತಪ್ಪಿರುತ್ತದೆ. ಸರಿಯಾಗಿ ನುಡಿಸಿದವರಿಗೆ ಗೇಮ್ "ತಪ್ಪು" ಎನ್ನುತ್ತದೆ. ಪರಿಹಾರ ಸರಳ: ಒಂದು ಅಕ್ಷರವನ್ನು 1260 ಭಾಗ ಮಾಡಿ. 3, 4, 5, 7, 9 ಐದರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಅದು. ತಿಶ್ರಕ್ಕೆ 420, ಚತುರಶ್ರಕ್ಕೆ 315, ಖಂಡಕ್ಕೆ 252, ಮಿಶ್ರಕ್ಕೆ 180, ಸಂಕೀರ್ಣಕ್ಕೆ 140. ಎಲ್ಲವೂ ಪೂರ್ಣಾಂಕ, ಗತಿಭೇದ ಮಾಡಿದರೂ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಕೂದಲೆಳೆಯಷ್ಟೂ ತಪ್ಪದೆ ಬಂದು ನಿಲ್ಲುತ್ತದೆ.

ಸಮಯವನ್ನು ಫ್ರೇಮ್ ಎಣಿಸಿ ಅಳೆಯಬೇಡಿ. ಸೆಕೆಂಡಿಗೆ 60 ಫ್ರೇಮ್ ಇದ್ದರೂ ಒಂದೊಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್, ಪರದೆ ತಡವರಿಸಿದಾಗ ತಾಳವೂ ತಡವರಿಸುತ್ತದೆ. ಓಡುತ್ತಿರುವ ಧ್ವನಿಯೇ ಗಡಿಯಾರವಾಗಲಿ. ಗೊಡೋದಲ್ಲಿ ಧ್ವನಿ ಎಲ್ಲಿಗೆ ಬಂದಿದೆ ಎಂಬ ಸಂಖ್ಯೆಗೆ ಕೊನೆಯ ಮಿಶ್ರಣದಿಂದ ಕಳೆದ ಸಮಯವನ್ನು ಕೂಡಿ, ಹೊರದಾರಿಯ ವಿಳಂಬವನ್ನು ಕಳೆಯಿರಿ. ಮೂರಕ್ಕೂ ಎಂಜಿನ್‌ನಲ್ಲೇ ಸಿದ್ಧ ಫಂಕ್ಷನ್‌ಗಳಿವೆ. ಮೊದಲನೆಯದೊಂದನ್ನೇ ನಂಬಿದರೆ ಗಡಿಯಾರ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ, ಏಕೆಂದರೆ ಧ್ವನಿ ತುಂಡು ತುಂಡಾಗಿ ಮಿಶ್ರಣವಾಗುತ್ತದೆ.

ಸರಿ-ತಪ್ಪಿನ ಕಿಟಕಿ, ಅಂದರೆ ಹೊಡೆತ ಹಿಂದೆಮುಂದಾದರೂ ಸರಿ ಎನ್ನುವ ಅವಧಿ, ಎಷ್ಟಿರಬೇಕು? ಅತಿ ಚಿಕ್ಕ ಮಾತ್ರೆಯ ಅರ್ಧಕ್ಕಿಂತ ಕಡಿಮೆ. ಸಂಕೀರ್ಣ ಗತಿಯಲ್ಲಿ ಅರ್ಧ ಮಾತ್ರೆ 44 ಮಿಲಿಸೆಕೆಂಡ್ ಆಗುವುದರಿಂದ ಆಚೆ ಈಚೆ 40 ಇಡಿ. ಇದಕ್ಕಿಂತ ಹಿಗ್ಗಿಸಿದರೆ ಒಂದು ಹೊಡೆತ ಎರಡು ಮಾತ್ರೆಗೂ ಸಲ್ಲುತ್ತದೆ. ಬ್ಲೂಟೂತ್ ಇಯರ್‌ಫೋನ್ ನೂರು ಮಿಲಿಸೆಕೆಂಡಿಗೂ ಮೀರಿ ತಡ ಮಾಡಬಲ್ಲದು. ಆದ್ದರಿಂದ ಆಟದ ಮೊದಲಿಗೇ ಹೊಂದಾಣಿಕೆಯ ಪರದೆ ಬೇಕೇ ಬೇಕು: ತಾಳ ಕೇಳಿಸಿ, 20 ಬಾರಿ ತಟ್ಟಿಸಿ, ಮೊದಲ ನಾಲ್ಕನ್ನು ಬಿಟ್ಟು ಉಳಿದ ವ್ಯತ್ಯಾಸಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ ಬೆಲೆಯನ್ನು ತೆಗೆದುಕೊಳ್ಳಿ. ಸರಾಸರಿ ಬೇಡ, ಒಂದೇ ಒಂದು ತಪ್ಪು ತಟ್ಟು ಅದನ್ನು ಎಳೆದುಬಿಡುತ್ತದೆ.

ತಾಳವನ್ನು ಪರದೆಯ ಮೇಲೆ ತೋರಿಸುವಾಗ ಎಡದಿಂದ ಬಲಕ್ಕೆ ಓಡುವ ಚುಕ್ಕೆಗಳ ಗೀಳು ಬಿಡಿ. ಪೆಟ್ಟು, ಬೆರಳೆಣಿಕೆ, ಹುಸಿ (ಅಂಗೈ ಮೇಲಾಗಿ ತಿರುಗಿಸುವುದು) ಹಾಕುವ ಒಂದು ಕೈಯನ್ನು ಚಿತ್ರಿಸಿ. ಲಘುವಿಗೆ ಪೆಟ್ಟು, ಮೇಲೆ ಕಿರುಬೆರಳಿನಿಂದ ಎಣಿಕೆ. ದ್ರುತಕ್ಕೆ ಪೆಟ್ಟು, ಹುಸಿ. ಆವರ್ತದಲ್ಲಿ ತಾವೆಲ್ಲಿದ್ದೇವೆಂದು ಆ ಕೈ ನೋಡಿದವರಿಗೆ ತಿಳಿಯುತ್ತದೆ. ಸಾಲಾಗಿ ಬರುವ ಚುಕ್ಕೆಗಳಿಗೆ ಮುಂದಿನ ಹೊಡೆತ ಮಾತ್ರ ಗೊತ್ತು.

ಮುಕ್ತಾಯವೇ ಬೀಗದ ಕೈ

ಬರೀ ತಟ್ಟುವ ಆಟ ಬೇಗ ಬೇಸರ ತರುತ್ತದೆ. ಮೃದಂಗದ ಮುಕ್ತಾಯದಲ್ಲಿ ಅದಕ್ಕಿಂತ ದೊಡ್ಡ ಆಟ ಅಡಗಿದೆ. ಒಂದು ಸೊಲ್ಲನ್ನು (ಹೊಡೆತಗಳ ಪುಟ್ಟ ಗುಚ್ಛ) ಮೂರು ಬಾರಿ ನುಡಿಸಿ, ನಡುವೆ ಎರಡು ಕಡೆ ಒಂದೇ ಅಳತೆಯ ಕಾರ್ವೆ (ಬಿಡುವು) ಬಿಟ್ಟು, ಸರಿಯಾಗಿ ಸಮಕ್ಕೆ ಬಂದು ಬೀಳಬೇಕು. ಉಳಿದ ಮಾತ್ರೆಗಳು = ಸೊಲ್ಲಿನ ಉದ್ದದ ಮೂರರಷ್ಟು + ಕಾರ್ವೆಯ ಎರಡರಷ್ಟು.

ಆದಿತಾಳ, ಚತುರಶ್ರ ಗತಿ, ಒಂದು ಆವರ್ತಕ್ಕೆ 32 ಮಾತ್ರೆ. ಯಂತ್ರದ ಬಾಗಿಲು ಮುಂದಿನ ಸಮಕ್ಕೆ ಮಾತ್ರ ತೆರೆಯುತ್ತದೆ, ಉಳಿದಿರುವುದು 17 ಮಾತ್ರೆ. "ತದಿಗಿಣತೊಂ" ಐದು ಮಾತ್ರೆ, ಕಾರ್ವೆ ಒಂದು: 15+2=17. ಲಘುವಿನ ನಾಲ್ಕನೇ ಅಕ್ಷರದ ಕೊನೆಯ ಮಾತ್ರೆಯಲ್ಲಿ ಎತ್ತಿಕೊಂಡರೆ ಮೂರನೇ "ತೊಂ" ಮುಗಿದ ಮರುಕ್ಷಣವೇ ಸಮ. ಅದೇ ಸೊಲ್ಲನ್ನು ಒಂದು ಮಾತ್ರೆ ಮೊದಲೇ ಎತ್ತಿಕೊಂಡರೆ 18 ಉಳಿದಿರುತ್ತದೆ, ಐದರ ಸೊಲ್ಲಿಗೆ ಯಾವ ಕಾರ್ವೆಯೂ ಹೊಂದುವುದಿಲ್ಲ. ಆರರ ಸೊಲ್ಲು ಕಾರ್ವೆಯಿಲ್ಲದೆ ಹೊಂದುತ್ತದೆ. ಉಳಿದ ಮಾತ್ರೆ ಬೆಸಸಂಖ್ಯೆಯಾದರೆ ಸೊಲ್ಲೂ ಬೆಸಸಂಖ್ಯೆ, ಸಮಸಂಖ್ಯೆಯಾದರೆ ಸಮಸಂಖ್ಯೆ. ಈ ಸೂತ್ರವನ್ನು ಬರೆದು ತೋರಿಸಬೇಡಿ. ನಾಲ್ಕೈದು ಬಾಗಿಲು ತೆರೆದವರು ತಾವೇ ಕಂಡುಕೊಳ್ಳುತ್ತಾರೆ, ಆ ಕ್ಷಣಕ್ಕಾಗಿಯೇ ಈ ಗೇಮ್.

ಹಂತಗಳನ್ನು ಕಂಪ್ಯೂಟರಿನಿಂದಲೇ ಹುಟ್ಟಿಸುವುದಾದರೆ ಎರಡು ಕಟ್ಟಳೆ ಹಾಕಿ: ಸೊಲ್ಲು ಕನಿಷ್ಠ ಮೂರು ಮಾತ್ರೆ, ಕಾರ್ವೆ ಸೊಲ್ಲಿಗಿಂತ ಉದ್ದವಿರಬಾರದು. 32 ಮಾತ್ರೆಗೆ ಆಗ 10ರ ಸೊಲ್ಲು ಮತ್ತು 1ರ ಕಾರ್ವೆ, ಇಲ್ಲವೇ 8 ಮತ್ತು 4 ಉಳಿಯುತ್ತವೆ. 6 ಮತ್ತು 7 ಲೆಕ್ಕಕ್ಕೆ ಸರಿ, ಆದರೆ ಮುಕ್ತಾಯದ ಕಟ್ಟು ಸಡಿಲವಾಗಿ ಕೇಳುತ್ತದೆ. ಸೊಲ್ಲುಗಳ ಪಟ್ಟಿಯನ್ನು ವಿದ್ವಾಂಸರ ಬಾಯಿಂದಲೇ ಬರೆಸಿಕೊಳ್ಳಿ. ಅಕ್ಷರಗಳನ್ನು ಮನಬಂದಂತೆ ಜೋಡಿಸಿದರೆ ಎಣಿಕೆ ಕೂಡಿದರೂ ಕೈಯಲ್ಲಿ ನುಡಿಯುವುದಿಲ್ಲ.

ರಾಗ ಮತ್ತು ಶ್ರುತಿ

72 ಮೇಳಕರ್ತ ರಾಗಗಳನ್ನು (ಏಳೂ ಸ್ವರಗಳಿರುವ ಮೂಲ ರಾಗಗಳು) ಕೈಯಿಂದ ಟೈಪ್ ಮಾಡುವ ಅಗತ್ಯವಿಲ್ಲ. ಮೇಳದ ಸಂಖ್ಯೆಯಿಂದ ಒಂದು ಕಳೆಯಿರಿ. ಉತ್ತರ 36 ಅಥವಾ ಹೆಚ್ಚಿದ್ದರೆ ಪ್ರತಿಮಧ್ಯಮ, 36 ಕಳೆದು ಮುಂದುವರಿಯಿರಿ. ಆರರಿಂದ ಭಾಗಿಸಿದರೆ ಭಾಗಲಬ್ಧ ರಿ-ಗ ಜೋಡಿಯನ್ನೂ ಶೇಷ ಧ-ನಿ ಜೋಡಿಯನ್ನೂ ಕೊಡುತ್ತದೆ. ಷಡ್ಜವನ್ನು 0 ಎಂದಿಟ್ಟುಕೊಂಡರೆ ರಿ-ಗ ಜೋಡಿಗಳು ಕ್ರಮವಾಗಿ 1-2, 1-3, 1-4, 2-3, 2-4, 3-4 ಸ್ವರಸ್ಥಾನಗಳು; ಜೋಡಿಗಳನ್ನೂ ಸೊನ್ನೆಯಿಂದಲೇ ಎಣಿಸಿ. ಧ-ನಿಗೆ ಇವೇ ಅಂಕೆಗಳಿಗೆ ಏಳು ಕೂಡಿ. 65ನೇ ಮೇಳ ಮೇಚಕಲ್ಯಾಣಿಗೆ ಹಾಕಿ ನೋಡಿ: 64, ಪ್ರತಿಮಧ್ಯಮ, 28, ಭಾಗಲಬ್ಧ 4, ಶೇಷ 4. ಚತುಶ್ರುತಿ ರಿಷಭ, ಅಂತರ ಗಾಂಧಾರ, ಚತುಶ್ರುತಿ ಧೈವತ, ಕಾಕಲಿ ನಿಷಾದ. ಸರಿಯಾಯಿತು.

ಲೋಕದಿಂದ ಲೋಕಕ್ಕೆ ದಾಟುವ ದ್ವಾರವಾಗಿ ಗ್ರಹಭೇದವನ್ನು ಬಳಸಿ. ಸ್ವರಗಳು ಅವೇ ಇದ್ದು ಆಧಾರ ಷಡ್ಜ ಮಾತ್ರ ಸರಿಯುತ್ತದೆ. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿದರೆ ಖರಹರಪ್ರಿಯ, ಗಾಂಧಾರವನ್ನು ಮಾಡಿದರೆ ತೋಡಿ, ಮಧ್ಯಮಕ್ಕೆ ಕಲ್ಯಾಣಿ, ಪಂಚಮಕ್ಕೆ ಹರಿಕಾಂಭೋಜಿ, ಧೈವತಕ್ಕೆ ನಠಭೈರವಿ. ನಿಷಾದಕ್ಕೆ ಮಾತ್ರ ಮೇಳಕರ್ತ ಸಿಗುವುದಿಲ್ಲ, ಶುದ್ಧ ಪಂಚಮ ತಪ್ಪಿಹೋಗುತ್ತದೆ. ಆರು ದ್ವಾರಗಳಲ್ಲಿ ಒಂದು ಮುಚ್ಚಿರಲು ಸಂಗೀತವೇ ಕಾರಣ ಕೊಟ್ಟಂತಾಯಿತು. ಮಾಡಬೇಕಾದ್ದು ಇಷ್ಟೇ: ಸ್ವರಗಳನ್ನು ಮುಟ್ಟದೆ ಕೆಳಗಿನ ತಂಬೂರಿಯನ್ನು ಎರಡು ಸೆಕೆಂಡಿನಲ್ಲಿ ಮೆಲ್ಲಗೆ ಬದಲಿಸಿ.

ಇಲ್ಲೊಂದು ತೊಡಕಿದೆ. ತಂಬೂರಿಯೊಂದಿಗೆ ಚೆನ್ನಾಗಿ ಕೂಡಲೆಂದು ನೀವು ಶುದ್ಧ ಅನುಪಾತಗಳನ್ನು (ರಿ 9/8, ಗ 5/4, ಮ 4/3, ಪ 3/2, ಧ 5/3) ಇಟ್ಟಿರುತ್ತೀರಿ. ರಿಷಭಕ್ಕೆ ಸರಿದಾಗ ಹೊಸ ತಂಬೂರಿಯ ಪಂಚಮ 9/8 × 3/2 = 27/16; ಹಳೆಯ ಧೈವತ 5/3. ಎರಡರ ನಡುವೆ 22 ಸೆಂಟ್ (ಒಂದು ಸ್ವರಸ್ಥಾನಕ್ಕೆ ನೂರು ಸೆಂಟ್) ಅಂತರ. ಒಂದನೇ ಮನೆ ಶ್ರುತಿಯಲ್ಲಿ (ಷಡ್ಜ 261.63 ಹರ್ಟ್ಸ್) ಸೆಕೆಂಡಿಗೆ ಐದಾರು ಬಾರಿ ಅಲುಗುವ ಕಂಪನ ಸ್ಪಷ್ಟವಾಗಿ ಕೇಳುತ್ತದೆ, ಗೇಮ್ ಕೆಟ್ಟಿದೆ ಎನಿಸುತ್ತದೆ. ಪ್ರತಿ ರಾಗಕ್ಕೂ ಬೇರೆ ಅನುಪಾತ ಪಟ್ಟಿ ಇಟ್ಟು, ತಂಬೂರಿ ಬದಲಾಗುವ ಆ ಎರಡು ಸೆಕೆಂಡಿನಲ್ಲೇ ಸ್ವರಗಳನ್ನೂ ಹೊಸ ಪಟ್ಟಿಗೆ ಜಾರಿಸಿ.

ಗಮಕವನ್ನು, ಅಂದರೆ ಸ್ವರವನ್ನು ತೂಗಿ ಜಾರಿಸುವುದನ್ನು, ಮರೆತರೆ ಇಷ್ಟೂ ವ್ಯರ್ಥ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ತೂಗುತ್ತದೆ. ಒಂದೊಂದು ಸ್ವರವನ್ನು ಬಿಡಿಯಾಗಿ ಧ್ವನಿಮುದ್ರಿಸಿ ಪೋಣಿಸಿದರೆ ಯಾವ ರಾಗವೂ ಹುಟ್ಟುವುದಿಲ್ಲ. ಎರಡರಿಂದ ನಾಲ್ಕು ಸೆಕೆಂಡಿನ ಪ್ರಯೋಗಗಳನ್ನು (ರಾಗದ ಪುಟ್ಟ ಸ್ವರಗುಚ್ಛಗಳು), ರಾಗಕ್ಕೆ ಇಪ್ಪತ್ತರಂತೆ, ಒಂದೇ ಶ್ರುತಿಯಲ್ಲಿ ಹಾಡಿಸಿಯೋ ನುಡಿಸಿಯೋ ಇಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಶ್ರುತಿ ಏರಿಸುವುದು ಇಳಿಸುವುದು ಎರಡು ಸ್ವರಸ್ಥಾನ ಮೀರಿದರೆ ಕಂಠ ಕೃತಕವಾಗುತ್ತದೆ. ಗ್ರಹಭೇದದ ಹೊತ್ತಿನಲ್ಲಿ ಮಾತ್ರ ಗಮಕವಿಲ್ಲದ ನಿಂತ ಸ್ವರಗಳನ್ನು ಬಳಸಿ. ಹಳೆಯ ರಾಗದ ಗಮಕ ಹೊಸ ರಾಗವನ್ನು ಮರೆಮಾಡುತ್ತದೆ.

ಕರಣೆಯ ಒಗಟು

ಮೃದಂಗದ ಬಲಮುಖದ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಆಟಕ್ಕೆ ಹೇಳಿ ಮಾಡಿಸಿದ ವಿಜ್ಞಾನ. ಏನೂ ಲೇಪಿಸದ ದುಂಡು ಚರ್ಮದ ಕಂಪನಗಳ ಅನುಪಾತ 1, 1.59, 2.14, 2.30, 2.65, 2.92 ಹೀಗೆ ಹೋಗುತ್ತದೆ, ನಾದವಿಲ್ಲದ ಸದ್ದು. ನಡುವೆ ಭಾರ ಹೇರಿದಾಗ ಮೂಲ ಕಂಪನ ಹೆಚ್ಚು ತಗ್ಗುತ್ತದೆ, ಉಳಿದವು ಅದರ ಎರಡು, ಮೂರು, ನಾಲ್ಕರಷ್ಟಕ್ಕೆ ಸರಿದು ನಿಲ್ಲುತ್ತವೆ. ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ಈ ಬಗ್ಗೆ ಬರೆದರು. 1934ರ ಪ್ರಬಂಧದಲ್ಲಿ ಚರ್ಮದ ಮೇಲೆ ನುಣ್ಣನೆ ಮರಳು ಉದುರಿಸಿ ಕಂಪನದ ರೇಖೆಗಳನ್ನು ಕಂಡು, ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಾಗಿ ಗುಂಪುಗೂಡುವುದನ್ನು ತೋರಿಸಿದರು.

ಆರು ಸೈನ್ ಅಲೆಗಳನ್ನು ಹುಟ್ಟಿಸಿ. ಒಂದು ಜಾರುಪಟ್ಟಿ ಎಳೆದಂತೆ ಮೊದಲನೆಯದು 1ರಲ್ಲೇ ಇರಲಿ, 1.59 ಎರಡಕ್ಕೆ, 2.14 ಮತ್ತು 2.30 ಮೂರಕ್ಕೆ, 2.65 ಮತ್ತು 2.92 ನಾಲ್ಕಕ್ಕೆ ಸರಿಯಲಿ. ಮೇಲಿನ ಅಲೆಗಳು ಬೇಗ ಆರಲಿ: ಮೊದಲನೆಯದಕ್ಕೆ 0.9 ಸೆಕೆಂಡ್, ಕೊನೆಯದಕ್ಕೆ 0.3 ಸಾಕು. ಆಟಗಾರರು ತೆಳು ಪದರಗಳಾಗಿ ಕರಣೆ ಹಾಕುತ್ತ ಹೋಗುತ್ತಾರೆ. ಜೋಡಿ ಅಲೆಗಳು ಹತ್ತಿರವಾದಂತೆ ನಾದದ ಅಲುಗಾಟ ನಿಧಾನವಾಗಿ, ಕೂಡಿದಾಗ ನಿಂತೇ ಹೋಗುತ್ತದೆ. ಪರದೆಯ ಮೇಲೆ ಅಂಕೆ ತೋರಿಸದೆ ಮರಳಿನ ರೇಖೆಗಳನ್ನು ಮಾತ್ರ ತೋರಿಸಿ, ಉಳಿದದ್ದು ಕಿವಿಗೆ ಬಿಡಿ. ಕೇಳಿಸಿಕೊಳ್ಳಲಾಗದವರಿಗೂ ಆ ರೇಖೆಗಳಿಂದಲೇ ಒಗಟು ಬಿಡಿಸಲು ಸಾಧ್ಯವಾಗಬೇಕು.

ಹಸ್ತ ಮತ್ತು ಹೆಜ್ಜೆ

ನಾಟ್ಯದ ಹಳೆಯ ಗ್ರಂಥ ಅಭಿನಯದರ್ಪಣ 28 ಅಸಂಯುತ ಹಸ್ತಗಳನ್ನು (ಒಂದೇ ಕೈಯ ಮುದ್ರೆಗಳನ್ನು) ಹೇಳುತ್ತದೆ. ಎಲ್ಲವನ್ನೂ ಕ್ಯಾಮೆರಾಗೆ ಕಲಿಸಲು ಹೋಗಬೇಡಿ. ಪತಾಕ, ತ್ರಿಪತಾಕ, ಮುಷ್ಟಿ, ಶಿಖರ, ಅಲಪದ್ಮ ಐದರಿಂದ ಶುರು ಮಾಡಿ. ಕ್ಯಾಮೆರಾ ಚಿತ್ರದಲ್ಲಿ ಕೈಯನ್ನು ಗುರುತಿಸುವ ತಂತ್ರಾಂಶ ಮೀಡಿಯಾಪೈಪ್ ಒಂದು ಕೈಗೆ 21 ಬಿಂದು ಕೊಡುತ್ತದೆ. ಪ್ರತಿ ಬೆರಳಿನ ನಡುಗಂಟಿನ ಕೋನ 160 ಡಿಗ್ರಿ ಮೀರಿದರೆ ನೇರ, 100ಕ್ಕಿಂತ ಕಡಿಮೆಯಾದರೆ ಮಡಿಚಿದೆ ಎಂದಿಟ್ಟುಕೊಳ್ಳಿ. ನಡುವಿನದನ್ನು ಯಾವುದಕ್ಕೂ ಸೇರಿಸಬೇಡಿ. ನೇರ ಬೆರಳುಗಳ ಪತಾಕದಲ್ಲಿ ಉಂಗುರಬೆರಳು ಮಡಿಚಿದರೆ ತ್ರಿಪತಾಕ, ಮುಷ್ಟಿಯ ಹೆಬ್ಬೆರಳು ಎದ್ದರೆ ಶಿಖರ. ಅಂಗೈ ಪಕ್ಕಕ್ಕೆ ತಿರುಗಿದಾಗ ಪತಾಕ ಮತ್ತು ತ್ರಿಪತಾಕ ಕ್ಯಾಮೆರಾಗೆ ಒಂದೇ ಆಗಿ ಕಾಣುತ್ತವೆ, ಆದ್ದರಿಂದ ಅಂಗೈ ಎದುರು ಹಿಡಿದಾಗ ಮಾತ್ರ ಒಪ್ಪಿಕೊಳ್ಳಿ. ಸೆಕೆಂಡಿಗೆ 30 ಚಿತ್ರದ ಕ್ಯಾಮೆರಾದಲ್ಲಿ ಆರು ಚಿತ್ರಗಳ ಕಾಲ ಒಂದೇ ಹಸ್ತ ನಿಂತರೆ ಸರಿ ಎನ್ನಿ. ಇಷ್ಟು ತಡವಿರುವ ಇನ್‌ಪುಟ್ಟನ್ನು ಮಾತ್ರೆಗೆ ಕಟ್ಟಬೇಡಿ, ಆವರ್ತಕ್ಕೆ ಕಟ್ಟಿ. ಕ್ಯಾಮೆರಾ ಇಲ್ಲದವರಿಗೆ ಐದು ಗುಂಡಿಗಳ ದಾರಿಯೂ ಇರಲಿ.

ಹೆಜ್ಜೆಗೆ ಗುರುತ್ವವನ್ನೇ ನಂಬಿ. ಭೂಮಿಯಲ್ಲಿ 0.4 ಸೆಕೆಂಡಿನ, ಅಂದರೆ ಅರ್ಧ ಅಕ್ಷರದ ಜಿಗಿತ, ಅದೇ ವೇಗದಿಂದ ಚಿಮ್ಮಿದರೆ ಮಂಗಳದಲ್ಲಿ ಸುಮಾರು 1.06 ಸೆಕೆಂಡ್, ಟೈಟನ್‌ನಲ್ಲಿ 2.9 ಸೆಕೆಂಡ್. ಕೊನೆಯದು ಮೂರೂವರೆ ಅಕ್ಷರ ಮೀರುತ್ತದೆ. ಮೂರನೇ ಕಾಲದಲ್ಲಿ, ಅಂದರೆ ಒಂದನೇ ಕಾಲದ ನಾಲ್ಕರಷ್ಟು ವೇಗದಲ್ಲಿ, ಅಡವು (ಭರತನಾಟ್ಯದ ಮೂಲ ಹೆಜ್ಜೆ) ಹಾಕಲು ಹೊರಟ ನರ್ತಕಿ ಅಲ್ಲಿ ಗಾಳಿಯಲ್ಲೇ ತೇಲುತ್ತಿರುತ್ತಾಳೆ. ಒಂದನೇ ಕಾಲಕ್ಕೆ ಇಳಿಯಬೇಕು, ಇಲ್ಲವೇ ಚಿಮ್ಮುವ ಬಲ ತಗ್ಗಿಸಬೇಕು. ಅನಿಮೇಷನ್‌ಗೆ ನರ್ತಕಿಯೊಬ್ಬರ ಅಡವುಗಳನ್ನು ಎದುರಿನಿಂದಲೂ ಪಕ್ಕದಿಂದಲೂ ಚಿತ್ರೀಕರಿಸಿಕೊಳ್ಳಿ. ಅರಮಂಡಿಯಲ್ಲಿ (ಅರ್ಧ ಕುಳಿತ ಭಂಗಿ) ಮೊಣಕಾಲು ಪಕ್ಕಕ್ಕೆ ತೆರೆದಿರುತ್ತದೆ, ಸಿದ್ಧ ಅಸ್ಥಿಪಂಜರ ಮಾದರಿಗಳು ಅದನ್ನು ಮುಂದಕ್ಕೆ ಬಾಗಿಸಿಬಿಡುತ್ತವೆ. ಸೊಂಟದ ತಿರುವನ್ನು ಕೈಯಿಂದಲೇ ತಿದ್ದಬೇಕು.

ಹಕ್ಕು ಮತ್ತು ಪರೀಕ್ಷೆ

ಪುರಂದರದಾಸರ, ತ್ಯಾಗರಾಜರ ರಚನೆಗಳಿಗೆ ಕೃತಿಸ್ವಾಮ್ಯವಿಲ್ಲ. ಅವನ್ನು ಹಾಡಿದ ಧ್ವನಿಮುದ್ರಣಕ್ಕೆ ಇದೆ; ಭಾರತದಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿ ಹೊಸದಾಗಿ ಮುದ್ರಿಸಿ. ಕಲಾವಿದರಿಗೆ ಸಂಭಾವನೆ ಕೊಟ್ಟು, ಗೇಮ್‌ನಲ್ಲೂ ಅದರ ಜಾಹೀರಾತಿನಲ್ಲೂ ಬಳಸಲು ಲಿಖಿತ ಒಪ್ಪಿಗೆ ಪಡೆಯಿರಿ, ಹೆಸರನ್ನು ಪರದೆಯ ಮೇಲೆ ಹಾಕಿ.

ಪರೀಕ್ಷೆಗೆ ಎರಡು ಬಗೆಯ ಜನ ಬೇಕು: ಲಯಜ್ಞಾನ ಇರುವವರು, ತಾಳವನ್ನೇ ಹಾಕದವರು. ಮೊದಲನೆಯವರು ತಪ್ಪೆನಿಸಿಕೊಂಡರೆ ಗಡಿಯಾರ ಕೆಟ್ಟಿದೆ, ಅವರ ತಟ್ಟುಗಳನ್ನು ದಾಖಲಿಸಿ ನೋಡಿ: ಎಲ್ಲವೂ ಒಂದೇ ಕಡೆಗೆ ಸರಿದಿದ್ದರೆ ವಿಳಂಬದ ಹೊಂದಾಣಿಕೆ ತಪ್ಪಿದೆ, ಆವರ್ತ ಕಳೆದಂತೆ ಹೆಚ್ಚುತ್ತಿದ್ದರೆ ಟಿಕ್ ಲೆಕ್ಕ ತಪ್ಪಿದೆ. ಎರಡನೆಯವರು ಹತ್ತು ನಿಮಿಷದಲ್ಲಿ ಮೊದಲ ಮುಕ್ತಾಯದ ಬಾಗಿಲು ತೆರೆಯದಿದ್ದರೆ ಲಯವನ್ನು 60 ಅಕ್ಷರಕ್ಕೆ ಇಳಿಸಿ, ಸೊಲ್ಲನ್ನು ಮೊದಲು ಬಾಯಲ್ಲಿ ಹೇಳಿ ಕೇಳಿಸಿ, ಕಿಟಕಿಯನ್ನು ಮಾತ್ರ ಹಿಗ್ಗಿಸಬೇಡಿ.